ಅಸಾದುಲ್ಲಾ ಸಾಹೇಬರ ಅರ್ಧ ಲೀಟರು

ಬೇರೆಯವರು ನೀರು ಕುಡಿಯುವುದನ್ನು ಕಣ್ಣು ಮಿಟುಕಿಸದೆ ನೋಡುವ ಚಾಳಿ ಬಾಳ್ಳುಪೇಟೆಯ ಅಸಾದುಲ್ಲಾ ಸಾಹೇಬರಿಗೆ ಅಂಟಿಕೊಂಡು ನಾಲ್ಕು ವರ್ಷವಾಗುತ್ತ ಬಂತು. ಮರ್ಯಾದಸ್ಥ ಮನುಷ್ಯ, ವಯಸ್ಸು ಅರವತ್ತೊಂದು, ಹೆದ್ದಾರಿ ಪಕ್ಕದಲ್ಲೇ ಕಾಫಿಪುಡಿ ಮಿಲ್ಲು. ಹೀಗಿದ್ದೂ ಹಾನುಬಾಳಿನ ವೀರಯ್ಯ ಜೀಪಿನಿಂದ ಇಳಿದು, ಬೀಜದ ಮೂಟೆಯನ್ನು ಕಟ್ಟೆಗೆ ಒರಗಿಸಿ, ಹೂಜಿಯ ಮೇಲಿನ ಚೊಂಬಿಗೆ ಕೈಹಾಕಿದರೆ ಸಾಕು, ಸಾಹೇಬರು ಹುರಿಯುವ ಡ್ರಮ್ಮನ್ನು ಬಿಟ್ಟು ಇತ್ತ ತಿರುಗುತ್ತಿದ್ದರು. ವೀರಯ್ಯ ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು ಗಟಗಟ ಇಳಿಸುವ ಪೈಕಿ. ಗಂಟಲಿನ ಗಂಟು ಮೇಲೆ ಕೆಳಗೆ ಆಡುವುದನ್ನೂ, ಗಡ್ಡದಿಂದ ಎರಡು ಹನಿ ಜಾರಿ ಅಂಗಿಯ ಮೇಲೆ ಬೀಳುವುದನ್ನೂ ಸಾಹೇಬರು ಕೊನೆಯವರೆಗೂ ನೋಡುತ್ತಿದ್ದರು. ವೀರಯ್ಯನಿಗೆ ಒಮ್ಮೆ ನಾಚಿಕೆಯಾಗಿ, ಇನ್ನು ಮೇಲೆ ಹೊರಗೇ ಕುಡಿದು ಬರುತ್ತೇನೆ ಅಂದಿದ್ದ. ಅದಕ್ಕೆ ಸಾಹೇಬರು ಬೈದುಬಿಟ್ಟರು. ಇಲ್ಲೇ ಕುಡಿಯಬೇಕು, ನಿಧಾನವಾಗಿ ಕುಡಿಯಬೇಕು, ಅದೂ ಬೇಡವಾದರೆ ಬೀಜ ಬೇರೆ ಮಿಲ್ಲಿಗೆ ಒಯ್ಯಬಹುದು ಅಂತ.

ಸಾಹೇಬರಿಗೆ ದಿನಕ್ಕೆ ಅರ್ಧ ಲೀಟರು ನೀರು. ಚಹಾ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ ಅರ್ಧ ಲೀಟರು. ಹೆಂಡತಿ ಮೆಹರುನ್ನೀಸಾ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಬಾಟಲಿಗೆ ಅಳೆದು ತುಂಬಿ ಕಿಟಕಿಯಲ್ಲಿಟ್ಟರೆ ಮುಗಿಯಿತು, ಆ ದಿನದ ಪ್ರಪಂಚ ಅಷ್ಟೇ. ರಕ್ತದೊತ್ತಡ ಅಂತ ಡಾಕ್ಟರು ಬಡಿದುಕೊಂಡಾಗಲೆಲ್ಲ ಕಿವಿಗೆ ಹಾಕಿಕೊಳ್ಳದೆ, ಮಿಲ್ಲಿನ ಸೆಕೆಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ ಎರಡೂ ಮೂತ್ರಪಿಂಡ ಕೈಕೊಟ್ಟವು. ಒಳಗೆ ಹೋದ ನೀರು ಹೊರಗೆ ಬರುವ ದಾರಿಯೇ ಇಲ್ಲವಾದ ಮೇಲೆ ಕುಡಿದದ್ದೆಲ್ಲ ಕಾಲಿಗೆ, ಮುಖಕ್ಕೆ, ಕಡೆಗೆ ಶ್ವಾಸಕೋಶಕ್ಕೆ ಬಂದು ನಿಲ್ಲುತ್ತದೆ. ಅದಕ್ಕೇ ಅಳತೆ. ಬಾಯಾರಿಕೆಗೆ ಮಾತ್ರ ಯಾರೂ ಅಳತೆ ಹಾಕಲಿಲ್ಲ.

ವಾರಕ್ಕೆ ಮೂರು ಸಲ ಹಾಸನಕ್ಕೆ ಹೋಗಿ ಮೆಷಿನ್ನಿಗೆ ಒರಗುವುದು ಆಗದ ಮಾತು, ಮಿಲ್ಲು ಮುಚ್ಚಬೇಕಾಗುತ್ತದೆ ಅಂತ ಸಾಹೇಬರು ಹಟ ಹಿಡಿದಾಗ ಡಾಕ್ಟರು ಹೊಟ್ಟೆಯ ಡಯಾಲಿಸಿಸ್ ಸೂಚಿಸಿದರು. ಹೊಕ್ಕುಳ ಪಕ್ಕದಲ್ಲಿ ಬೆರಳುದ್ದದ ಮೆತ್ತನೆಯ ಕೊಳವೆ. ದಿನಕ್ಕೆ ನಾಲ್ಕು ಸಲ ಅದರಿಂದ ಹಳೇ ನೀರು ಇಳಿಸಬೇಕು, ಎರಡು ಲೀಟರಿನ ಚೀಲದಿಂದ ಹೊಸ ನೀರು ತುಂಬಬೇಕು. ಕಲಿಸಿಕೊಡಲು ಆಸ್ಪತ್ರೆಯಿಂದ ಶೀಲಾ ಎಂಬ ನರ್ಸು ಮನೆಗೇ ಬಂದು ನಾಲ್ಕು ದಿನ ಪಾಠ ಮಾಡಿದರು. ಆಲೂರು ಕಡೆಯ ಹೆಂಗಸು, ಮಾತು ಬಿರುಸು, ಮನಸ್ಸು ಬೆಣ್ಣೆ. ಕೈ ತೊಳೆಯುವುದನ್ನೇ ಅರ್ಧ ದಿನ ಕಲಿಸಿದರು. ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಮೂಗುಬಾಯಿಗೆ ಮಾಸ್ಕು ಕಟ್ಟಿ, ಆಮೇಲೆ ಕೊಳವೆ ಮುಟ್ಟಬೇಕು.

ಇದು ಕೆಲಸ ಮಾಡುವುದು ಹೇಗೆ ಅಂತ ಸಾಹೇಬರು ಕೇಳಿದ್ದಕ್ಕೆ ಶೀಲಾ ಬಿಡಿಸಿ ಹೇಳಿದ್ದರು. ಕರುಳಿನ ಸುತ್ತ ಒಂದು ತೆಳುವಾದ ಪೊರೆ ಇದೆ, ಜೀವಕೋಶಗಳನ್ನು ಒತ್ತೊತ್ತಾಗಿ ಹಾಸಿ ಮಾಡಿದ ಬಟ್ಟೆ ಅಂದುಕೊಳ್ಳಿ. ಅದರ ಆಚೆ ರಕ್ತ, ಈಚೆ ನಾವು ತುಂಬಿದ ನೀರು. ರಕ್ತದಲ್ಲಿ ಕಶ್ಮಲ ಹೆಚ್ಚು, ಚೀಲದ ನೀರಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅದು ದಟ್ಟ ಇರುವ ಕಡೆಯಿಂದ ತೆಳು ಇರುವ ಕಡೆಗೆ ತಾನಾಗಿ ದಾಟಿ ಬರುತ್ತದೆ. ಇನ್ನು ಮೈಯಲ್ಲಿ ಹೆಚ್ಚಾದ ನೀರನ್ನು ಎಳೆಯುವುದಕ್ಕೆ ಚೀಲದೊಳಗೆ ಸಕ್ಕರೆ ಕರಗಿಸಿರುತ್ತಾರೆ. ಸಕ್ಕರೆ ಎಲ್ಲಿ ಗಟ್ಟಿಯಾಗಿದೆಯೋ ನೀರು ಆ ಕಡೆಗೆ ಓಡುತ್ತದೆ. ಬಾಗಿಲಲ್ಲಿ ನಿಂತಿದ್ದ ಮೆಹರುನ್ನೀಸಾ, ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಭರಣಿ ತುಂಬ ನೀರು ಬಿಡುತ್ತದಲ್ಲ, ಹಾಗಾ ಅಂತ ಕೇಳಿದರು. ಶೀಲಾ, ಅದೇ ಅಮ್ಮಾ, ನಿಮಗೆ ಹೇಳಿಕೊಡುವುದೇ ಬೇಡ ಅಂದರು. ಸಾಹೇಬರಿಗೆ ಹೆಂಡತಿ ಮೊದಲು ತಿಳಿದುಕೊಂಡದ್ದು ಸ್ವಲ್ಪ ಕಸಿವಿಸಿಯಾಯಿತು.

ಹೊಟ್ಟೆಯಿಂದ ಇಳಿದ ನೀರನ್ನು ಪ್ರತಿ ಸಲ ತೂಗಬೇಕು ಅನ್ನುವ ಮಾತು ಬಂದಾಗ ಸಾಹೇಬರ ಜೀವಕ್ಕೆ ಜೀವ ಬಂತು. ತೂಗುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹದಿನಾರನೇ ವಯಸ್ಸಿನಿಂದ ತೂಗಿದ ಕೈ. ಹಸಿ ಬೀಜ ಹುರಿದರೆ ಎಷ್ಟು ಇಳಿಯುತ್ತದೆ, ಪುಡಿ ಮಾಡಿದರೆ ಎಷ್ಟು ಹಾರುತ್ತದೆ, ಎಲ್ಲವನ್ನೂ ತಕ್ಕಡಿಯೇ ಅವರಿಗೆ ಹೇಳಿತ್ತು. ಮಿಲ್ಲಿನ ಸ್ಪ್ರಿಂಗ್ ತಕ್ಕಡಿಯನ್ನು ತಂದು, ಡೆಟ್ಟಾಲಿನಲ್ಲಿ ಉಜ್ಜಿ ಉಜ್ಜಿ ತೊಳೆದು ಕೋಣೆಯಲ್ಲಿ ನೇತುಹಾಕಿದರು. ಒಳಗೆ ಎರಡು ಕಿಲೋ, ಹೊರಗೆ ಎರಡು ಕಾಲು. ಕೆಲವು ದಿನ ಎರಡೂವರೆ. ಮೂರು ವರ್ಷದಲ್ಲಿ ಒಂದು ಸಲವೂ ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಕಡಿಮೆಯಾಗಲಿಲ್ಲ. ಅದು ಅವರಿಗೆ ಹೆಮ್ಮೆಯ ವಿಷಯ. ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಇಷ್ಟೆಲ್ಲ ಆದರೂ ರಂಜಾನ್ ತಿಂಗಳು ಬಂದರೆ ಸಾಹೇಬರ ಮುಖ ನೋಡುವ ಹಾಗಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಒಂದು ರೋಜಾ ತಪ್ಪಿಸಿದವರಲ್ಲ. ಏಪ್ರಿಲಿನ ಬಿಸಿಲಿನಲ್ಲಿ, ಹುರಿಯುವ ಡ್ರಮ್ಮಿನ ಮುಂದೆ ನಿಂತು, ನಾಲಿಗೆ ಅಂಗುಳಿಗೆ ಅಂಟಿದರೂ ಹನಿ ನೀರು ಮುಟ್ಟದವರು. ಕಾಯಿಲೆ ಬಿದ್ದ ಮೇಲೆ ಮೂರು ವರ್ಷ ರೋಜಾ ಇಲ್ಲ. ಕಾಯಿಲೆಯವರಿಗೆ ರಿಯಾಯಿತಿ ಇದೆ, ಬದಲಿಗೆ ಬಡವರಿಗೆ ಊಟ ಹಾಕಿದರಾಯಿತು. ಊಟ ಹಾಕಿದರು, ಅದಕ್ಕೇನು. ಸಂಜೆ ಮಸೀದಿಯ ಅಂಗಳದಲ್ಲಿ ಉದ್ದಕ್ಕೆ ಹಾಸಿದ ಚಾಪೆಯ ಮೇಲೆ ಎಲ್ಲರೂ ಕೂತು, ಮುಂದೆ ಲೋಟ ಇಟ್ಟುಕೊಂಡು, ಅಜಾನಿಗೆ ಕಾಯುತ್ತಾರಲ್ಲ, ಆ ಹೊತ್ತು ಮಾತ್ರ ಅವರಿಗೆ ತಡೆಯಲಾಗುತ್ತಿರಲಿಲ್ಲ. ಅವರ ಪಾಲಿನ ನೀರು ಮಧ್ಯಾಹ್ನಕ್ಕೇ ಮುಗಿದಿರುತ್ತಿತ್ತು. ಆ ಚಾಪೆಯ ಮೇಲೆ ಕೂತವರಲ್ಲೆಲ್ಲ ಹೆಚ್ಚು ಬಾಯಾರಿದವನು ತಾನು, ಅಜಾನ್ ಕೇಳಿದ ಮೇಲೂ ಕುಡಿಯಲಾಗದವನೂ ತಾನೊಬ್ಬನೇ. ಮಿಕ್ಕವರ ಬಾಯಾರಿಕೆಗೆ ಹೊತ್ತಿದೆ, ಗೊತ್ತಿದೆ, ಪುಣ್ಯವಿದೆ, ಪಕ್ಕದಲ್ಲಿ ಜೊತೆಯಿದೆ. ತನ್ನದು ವರ್ಷವಿಡೀ ಇರುವ, ಯಾರ ಲೆಕ್ಕಕ್ಕೂ ಬಾರದ ಒಂಟಿ ದಾಹ. ಎರಡನೇ ವರ್ಷದಿಂದ ಅವರು ಚಾಪೆಯ ಕಡೆಗೇ ಹೋಗುವುದು ಬಿಟ್ಟರು.

ಈ ಸಲದ ರಂಜಾನಿಗೆ ಹದಿನೈದು ದಿನ ಇರುವಾಗ ಅವರಿಗೆ ಹೊಳೆಯಿತು. ಹೇಗೂ ಅರ್ಧ ಲೀಟರು. ಅದನ್ನು ಬೆಳಗಿನ ಜಾವ ಸಹರಿಯ ಊಟಕ್ಕೆ ಅರ್ಧ, ಸಂಜೆಗೆ ಅರ್ಧ ಮಾಡಿಕೊಂಡರೆ ಹಗಲಿಡೀ ಏನೂ ಬೇಡ. ಮಾತ್ರೆಗಳನ್ನೂ ಆಚೀಚೆ ಸರಿಸಬಹುದು. ಹಾಸನಕ್ಕೆ ಹೋಗಿ ಡಾಕ್ಟರ ತಲೆ ತಿಂದರು. ಅವರು ಬೇಡವೆಂದು ಎರಡು ಸಲ ಹೇಳಿ, ಮೂರನೇ ಸಲ, ಚೀಲ ಒಂದೂ ತಪ್ಪಬಾರದು, ತಲೆ ಸುತ್ತಿದರೆ ಅಲ್ಲಿಗೇ ಬಿಟ್ಟುಬಿಡಬೇಕು ಅನ್ನುವ ಕರಾರಿನ ಮೇಲೆ ಒಪ್ಪಿದರು.

ಉಳಿದದ್ದು ಮಸೀದಿಯಲ್ಲಿ ನಮಾಜು ಮಾಡಿಸುವ ಹಜ್ರತ್ತರು. ಮೂವತ್ತು ದಾಟದ ಹುಡುಗ, ಓದಿಕೊಂಡವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಗುಣ ಇತ್ತು. ಬಾಯಿಂದ ಹೋಗದಿದ್ದರೂ ಮೈಗೆ ಆಹಾರವಾಗುವಂಥದ್ದು ಒಳಗೆ ಸೇರಿದರೆ ರೋಜಾ ನಿಲ್ಲುವುದಿಲ್ಲ, ನಿಮ್ಮ ಚೀಲದ ನೀರು ಮೈಗೆ ಸೇರುತ್ತದೆಯೇ ಅಂತ ಅವರು ಕೇಳಿದ್ದು ಅದೊಂದೇ ಪ್ರಶ್ನೆ. ಸಾಹೇಬರು ನಕ್ಕುಬಿಟ್ಟರು. ತಕ್ಕಡಿಯ ಕಥೆಯನ್ನೆಲ್ಲ ಹೇಳಿದರು. "ಎರಡು ಕಿಲೋ ಹಾಕಿದ್ರೆ ಎರಡು ಕಾಲು ಬತ್ತೈತೆ ಹಜ್ರತ್. ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬಂದ್ಮೇಲೆ ಒಳಗೆ ಉಳಿಯೋದೇನೈತೆ?" ಹಜ್ರತ್ತರು, ನಿಮ್ಮ ಮೈ ನಿಮಗೆ ಗೊತ್ತು, ನೀವು ಹೇಳಿದ ಹಾಗೇ ಇದ್ದರೆ ಅಡ್ಡಿಯಿಲ್ಲ ಅಂದರು.

ಆಮೇಲೆ ನೋಡಬೇಕಿತ್ತು ಸಾಹೇಬರನ್ನು. ಹತ್ತು ವರ್ಷ ಚಿಕ್ಕವರಾದರು. ಬೆಳಗಿನ ಜಾವ ಮೆಹರುನ್ನೀಸಾ ಎಬ್ಬಿಸುವ ಮೊದಲೇ ಎದ್ದು ಕೂತಿರುತ್ತಿದ್ದರು. ಮಿಲ್ಲಿನಲ್ಲಿ ಹುರಿಯುವ ಕೆಲಸದ ಆಸಿಮನಿಗೆ, ನಿನಗಿಂತ ನನಗೇ ಸಲೀಸು ಮಗನೇ, ನಾನು ಮೂರು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ ಅಂತ ಚುಡಾಯಿಸುತ್ತಿದ್ದರು. ಆಸಿಮ್ ಸ್ವತಃ ಮೂರು ಮಕ್ಕಳ ತಂದೆ, ಸಾಹೇಬರಿಗೆ ಮಾತ್ರ ಮಗ. ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವಾಗ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗುಳಬೇಕಲ್ಲ, ಮೂರು ವರ್ಷ ಆ ಉಗುಳುವ ಕ್ಷಣ ಅವರಿಗೆ ಪ್ರಾಣಸಂಕಟವಾಗಿತ್ತು. ಎಷ್ಟೋ ಸಲ ಒಂದು ಗುಟುಕು ಜಾರಿಸಿಬಿಡೋಣ ಅನ್ನಿಸಿ ಕಣ್ಣಲ್ಲಿ ನೀರು ಬಂದದ್ದುಂಟು. ಈಗ ಉಗುಳುವುದಕ್ಕೂ ಒಂದು ಅರ್ಥ ಬಂತು. ಎಲ್ಲರೂ ಉಗುಳುತ್ತಿದ್ದರು, ತಾನೂ ಉಗುಳುವುದು, ಅಷ್ಟೇ.

ಸಂಜೆ ಐದಕ್ಕೆ ಚೀಲ ಬದಲಿಸಿ, ಬಿಳಿ ಜುಬ್ಬ ಹಾಕಿಕೊಂಡು, ಅಳೆದ ನೀರನ್ನು ಬಾಟಲಿಯಲ್ಲಿ ಒಯ್ದು ಚಾಪೆಯ ಮೇಲೆ ಕೂರುತ್ತಿದ್ದರು. ಖರ್ಜೂರ ಅವರಿಗೆ ವರ್ಜ್ಯ, ಹಣ್ಣು ವರ್ಜ್ಯ, ಗಂಜಿ ಎರಡೇ ಚಮಚ. ಅದರ ಚಿಂತೆ ಯಾರಿಗೆ. ಅಜಾನಿನ ಮೊದಲ ಶಬ್ದಕ್ಕೆ ಸಾಲುಸಾಲಾಗಿ ಲೋಟಗಳು ಎದ್ದಾಗ ಅವರದೂ ಎದ್ದಿತು. ಮೊದಲ ದಿನ ಆ ಗುಟುಕು ನಾಲಿಗೆಯ ಮೇಲೆ ಹರಡಿ ಗಂಟಲಿಗೆ ಇಳಿಯುವಾಗ ಸಾಹೇಬರು ಬಹಿರಂಗವಾಗಿ ಅತ್ತುಬಿಟ್ಟರು. ಪಕ್ಕದಲ್ಲಿದ್ದ ಆಸಿಮ್ ಗಾಬರಿಯಾಗಿ ಬೆನ್ನು ಸವರಿದ. ಅದೇ ಬಾವಿಯ ನೀರು, ಅದೇ ಬಾಟಲಿ, ಅಷ್ಟೇ ಅಳತೆ, ಆದರೂ ಮೂರು ವರ್ಷದಲ್ಲಿ ಕುಡಿದ ನೀರೆಲ್ಲ ಒಂದು ತೂಕ, ಇದೇ ಒಂದು ತೂಕ. ಹೀಗೆ ಹತ್ತೊಂಬತ್ತು ಸಂಜೆ ಕಳೆದವು.

ಇಪ್ಪತ್ತನೇ ದಿನ ಮಧ್ಯಾಹ್ನ ಶೀಲಾ ಬಂದರು. ತಿಂಗಳಿಗೊಮ್ಮೆ ಬಂದು ಕೊಳವೆಯ ಜಾಗ ನೋಡಿ, ರೋಗಿ ಚೀಲ ಬದಲಿಸುವುದನ್ನು ಪಕ್ಕದಲ್ಲಿ ನಿಂತು ಗಮನಿಸುವುದು ವಾಡಿಕೆ. ರೋಜಾ ಹಿಡಿದದ್ದಕ್ಕೆ ಮೊದಲು ಗದರಿದರು. ಆಮೇಲೆ ರಕ್ತದೊತ್ತಡ, ಕಾಲಿನ ಊತ ಎಲ್ಲ ನೋಡಿ, ಪರವಾಗಿಲ್ಲ ಅಂದರು. ಮೆಹರುನ್ನೀಸಾ ಹೆಮ್ಮೆಯಿಂದ, ಇವರಿಗೆ ಹಸಿವೇ ಆಗುವುದಿಲ್ಲ ನೋಡಿ, ಮುಂಚೆಯೆಲ್ಲ ಸಾಯಂಕಾಲಕ್ಕೆ ಕಣ್ಣು ಮೇಲೆ ಕೆಳಗೆ ಮಾಡುತ್ತಿದ್ದರು, ಈಗ ಕಲ್ಲಿನ ಹಾಗೆ ಕೂತಿರುತ್ತಾರೆ ಅಂದರು.

"ಹಸಿವು ಎಲ್ಲಿಂದ ಆಗ್ಬೇಕಮ್ಮಾ," ಅಂದರು ಶೀಲಾ ಚೀಲದ ಮೇಲಿನ ತಾರೀಖು ಓದುತ್ತ. "ಇದ್ರೊಳಗಿನ ಸಕ್ಕರೆ ಅರ್ಧಕ್ಕಿಂತ ಜಾಸ್ತಿ ಅವ್ರ ರಕ್ತಕ್ಕೇ ಹೋಗ್ತದಲ್ಲ. ದಿನಕ್ಕೆ ಮೂರು ನಾಲ್ಕು ಚಪಾತಿ ತಿಂದಂಗೆ ಲೆಕ್ಕ."

ಸಾಹೇಬರು ಆಗಷ್ಟೇ ಹಳೇ ನೀರನ್ನು ತಕ್ಕಡಿಗೆ ಸಿಕ್ಕಿಸಿದ್ದರು. ಮುಳ್ಳು ಎರಡು ಕಾಲಿನ ಮೇಲೆ ನಿಂತಿತ್ತು. ಅದನ್ನೇ ತೋರಿಸಿದರು. ಹಾಕಿದ್ದು ಎರಡು, ಬಂದದ್ದು ಎರಡು ಕಾಲು, ಹೋದದ್ದು ಎಲ್ಲಿ ಅಂತ ಕೇಳಿದರು. ಕೇಳುವಾಗಲೇ ಅವರ ದನಿ ಕುಗ್ಗಿತ್ತು.

ಹಜ್ರತ್ತರ ಪ್ರಶ್ನೆಯ ವಿಷಯ ಶೀಲಾಗೆ ಗೊತ್ತಿಲ್ಲ, ಪಾಪ, ಹಿಂದಿನ ಪಾಠವನ್ನೇ ಮುಂದುವರಿಸಿದರು. ಆ ಪೊರೆ ಒಂದೇ ದಿಕ್ಕಿನ ಬಾಗಿಲಲ್ಲ. ರಕ್ತದ ಕಶ್ಮಲ ಈಚೆ ಬರುವ ಹಾಗೇ ಚೀಲದ ಸಕ್ಕರೆಯೂ ಆಚೆ ದಾಟುತ್ತದೆ. ಇಲ್ಲಿ ದಟ್ಟ ಇದೆ, ರಕ್ತದಲ್ಲಿ ತೆಳು ಇದೆ, ಅದು ಸುಮ್ಮನೆ ಕೂರುತ್ತದೆಯೇ. ಮೊದಮೊದಲು ಸಕ್ಕರೆ ನೀರನ್ನು ಜೋರಾಗಿ ಎಳೆಯುತ್ತದೆ, ಗಂಟೆ ಕಳೆದ ಹಾಗೆ ತಾನೇ ರಕ್ತಕ್ಕೆ ಜಾರಿಹೋಗಿ ಎಳೆತ ಸಡಿಲವಾಗುತ್ತದೆ. ಅದಕ್ಕೇ ನಾಲ್ಕೈದು ಗಂಟೆಗೊಮ್ಮೆ ಚೀಲ ಬದಲಿಸುವುದು. ತಕ್ಕಡಿಗೆ ಕಾಣುವುದು ಒಟ್ಟು ಭಾರ. ಕಾಲು ಕಿಲೋ ನೀರು ಈಚೆ ಬಂದರೆ, ಒಳಗೆ ಹೋದ ನಾಲ್ಕೈದು ಚಮಚ ಸಕ್ಕರೆ ಅದರಲ್ಲಿ ಮುಚ್ಚಿಹೋಗುತ್ತದೆ. ಮೆಹರುನ್ನೀಸಾಗೆ ಈ ಸಲವೂ ಬೇಗ ತಿಳಿಯಿತು. ನೆಲ್ಲಿಕಾಯಿಯನ್ನು ಪಾಕಕ್ಕೆ ಹಾಕಿದರೆ ಮೊದಲು ನೀರು ಬಿಟ್ಟು ಮುದುಡುತ್ತದೆ, ವಾರ ಕಳೆದರೆ ಒಳಗೆಲ್ಲ ಸಿಹಿ. ಆದರೆ ಆಕೆ ಬಾಯಿ ಬಿಡಲಿಲ್ಲ, ಗಂಡನ ಮುಖ ನೋಡಿದರು.

ಶೀಲಾ ಹೋದ ಮೇಲೆ ಸಾಹೇಬರು ಮಂಚದ ಅಂಚಿನಲ್ಲಿ ಬಹಳ ಹೊತ್ತು ಕೂತರು. ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ನರ್ಸಮ್ಮನ ಮೇಲೆ ಬಂತು, ಮೂರು ವರ್ಷ ಸುಳ್ಳು ಹೇಳದೆಯೇ ಮೋಸ ಮಾಡಿದ ಆ ಮುಳ್ಳಿನ ಮೇಲೆ ಬಂತು, ಕಡೆಗೆ ತನ್ನ ಮೇಲೇ ಬಂದು ನಿಂತಿತು. ಹಜ್ರತ್ತರು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿದ್ದ ನರ್ಸಮ್ಮ ಒಂದು ಫೋನಿನಷ್ಟೇ ದೂರದಲ್ಲಿದ್ದರು. ತಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಹೌದು ಅಂದುಬಿಡುತ್ತಾರೋ ಅನ್ನುವ ಭಯ ಒಳಗೊಳಗೆ ಇದ್ದೇ ಇತ್ತು. ಗೊತ್ತಿಲ್ಲದೆ ಆದ ತಪ್ಪು ಅಂತ ಸಮಾಧಾನ ಮಾಡಿಕೊಳ್ಳುವುದಕ್ಕೂ ಇದು ಅಡ್ಡ ಬಂತು.

ಗಂಡಹೆಂಡತಿಯ ಮಾತು ಯಾವಾಗಲೂ ಅರ್ಧ ಉರ್ದು, ಅರ್ಧ ಕನ್ನಡ. ಮೆಹರುನ್ನೀಸಾ ಹತ್ತಿರ ಬಂದು ಕೂತು, ಉಳಿದದ್ದು ಹತ್ತೇ ದಿನ, ನರ್ಸಮ್ಮ ನಾಳೆ ಬಂದಿದ್ದರೆ ಇವತ್ತು ನಮಗೆ ಗೊತ್ತೇ ಇರುತ್ತಿರಲಿಲ್ಲ, ಹಬ್ಬ ಕಳೆದ ಮೇಲೆ ಬಂದರು ಅಂತಲೇ ಅಂದುಕೊಳ್ಳಿ ಅಂದರು. ಈ ಇಪ್ಪತ್ತು ದಿನದಲ್ಲಿ ಗಂಡ ಮನೆಯಲ್ಲಿ ಎರಡು ಸಲ ಹಾಡು ಗುನುಗಿದ್ದನ್ನು ಆಕೆ ಕೇಳಿಸಿಕೊಂಡಿದ್ದರು. ಅದನ್ನು ಕಳೆದುಕೊಳ್ಳಲು ಆಕೆಗೆ ಮನಸ್ಸಿರಲಿಲ್ಲ. ಸಾಹೇಬರು ರೇಗಲಿಲ್ಲ. ಆ ಮಾತು ತಮ್ಮ ತಲೆಯಲ್ಲೂ ಆಗಲೇ ಸುಳಿದು ಹೋಗಿದೆ ಅಂತ ಒಪ್ಪಿಕೊಂಡರು. ಸುಳಿದದ್ದಕ್ಕೇ ಈಗ ಎದ್ದು ಹೋಗಬೇಕು, ಸಂಜೆಯಾದರೆ ಧೈರ್ಯ ಉಳಿಯುವುದಿಲ್ಲ ಅಂತ ಚಪ್ಪಲಿ ಮೆಟ್ಟಿಕೊಂಡರು.

ಹಜ್ರತ್ತರು ಮಸೀದಿಯ ಜಗಲಿಯಲ್ಲಿ ಒಬ್ಬರೇ ಇದ್ದರು. ಸಾಹೇಬರು ನಿಂತೇ ಎಲ್ಲವನ್ನೂ ಹೇಳಿದರು. ನೀರು ಈಚೆಗೆ, ಸಕ್ಕರೆ ಆಚೆಗೆ, ದಿನಕ್ಕೆ ನಾಲ್ಕು ಚಪಾತಿ. ತಕ್ಕಡಿ ನಂಬಿ ನಿಮಗೆ ಮಾತು ಕೊಟ್ಟೆ, ಆ ಮಾತು ತಪ್ಪು ಅಂದರು. ಆ ಎಳೆಯ ಮನುಷ್ಯನಿಗೆ ಕಷ್ಟವಾಯಿತು. ಅಪ್ಪನ ವಯಸ್ಸಿನವರ ಮುಂದೆ ಕಣ್ಣೆತ್ತಲಿಲ್ಲ. ಕಳೆದ ದಿನಗಳ ವಿಷಯ ನಿಮಗೂ ಮೇಲಿನವನಿಗೂ ಬಿಟ್ಟದ್ದು, ನಿಮ್ಮ ಮನಸ್ಸು ಅವನು ಬಲ್ಲ, ಆದರೆ ಗೊತ್ತಾದ ಮೇಲೆ ಇದನ್ನು ರೋಜಾ ಅಂತ ನಾನು ಹೇಳಲಾರೆ ಅಂದರು. ಕಾಯಿಲೆಯವರಿಗೆ ಇದು ಕಡ್ಡಾಯವೂ ಅಲ್ಲವಲ್ಲ ಅಂತ ಮೆಲ್ಲಗೆ ಸೇರಿಸಿದರು.

"ಬಾಯಾರಿಕೆ ಮಾತ್ರ ನಂದೇ ಹಾಗಾದ್ರೆ," ಅಂದರು ಸಾಹೇಬರು.

ಸಾಹೇಬರು ಮನೆಗೆ ಬಂದು, ಕಿಟಕಿಯಲ್ಲಿದ್ದ ಬಾಟಲಿ ತೆಗೆದು, ಅಜಾನಿಗೆ ಇನ್ನೂ ಎರಡು ಗಂಟೆ ಇರುವಾಗಲೇ ಆ ದಿನ ಉಳಿದಿದ್ದ ನೀರನ್ನು ಅಡುಗೆಮನೆಯಲ್ಲಿ ನಿಂತು ಕುಡಿದರು. ಗಂಟಲು ತೇವವಾಯಿತು, ಅಷ್ಟೇ. ಇಳಿಯುವ ಮೊದಲೇ ಮುಗಿದುಹೋದ ಹಾಗಿತ್ತು. ಹಿಂದಿನ ದಿನ ಇದೇ ನೀರಿಗೆ ಏನು ರುಚಿ ಇತ್ತು ಅಂತ ನೆನೆಸಿಕೊಂಡು ಅವರು ಬಾಟಲಿಯನ್ನು ಹಿಡಿದೇ ಗೋಡೆಗೆ ಮುಖ ಮಾಡಿ ಅತ್ತರು. ಮೆಹರುನ್ನೀಸಾ ಹೊರಗಿನಿಂದ ಬಾಗಿಲು ಎಳೆದುಕೊಂಡು ಅಂಗಳದಲ್ಲಿ ನಿಂತರು.

ಮರುದಿನ ಬೆಳಿಗ್ಗೆ ಹತ್ತಕ್ಕೆ, ಮಿಲ್ಲಿನಲ್ಲಿ ಆಸಿಮನ ಎದುರಿಗೇ, ಸಾಹೇಬರು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ಗುಟುಕು ನೀರಿನಲ್ಲಿ ನುಂಗಿದರು. ಬೇಕೆಂದೇ ಹಾಗೆ ಮಾಡಿದರು. ಇದು ರೋಜಾ ಅಂತ ಊರಿನವರು ಯಾರೂ ತಿಳಿಯಬಾರದು, ತನ್ನ ಮನಸ್ಸೂ ತನಗೆ ಹಾಗೆಂದು ಆಸೆ ತೋರಿಸಬಾರದು. ಉಳಿದ ನೀರನ್ನು ಮುಚ್ಚಳ ಬಿಗಿದು ಇಟ್ಟರು. ಹನ್ನೊಂದಾಯಿತು, ಒಂದಾಯಿತು. ವೀರಯ್ಯ ಬಂದು ಚೊಂಬು ಎತ್ತಿದ, ಕುಡಿದ, ಹೋದ. ಹೊರಗೆ ಲಾರಿಗಳ ಧೂಳು, ಒಳಗೆ ಹುರಿದ ಬೀಜದ ಹೊಗೆ, ನಾಲಿಗೆ ಮರದ ತುಂಡಾಗಿತ್ತು. ಬಾಟಲಿ ಮುಟ್ಟಲಿಲ್ಲ. ಐದಕ್ಕೆ ಚೀಲ ಬದಲಿಸಿದರು. ಆರು ಗಂಟೆಗೆ ಬಿಳಿ ಜುಬ್ಬ ಹಾಕಿಕೊಂಡಾಗ ಮೆಹರುನ್ನೀಸಾ ಬಾಟಲಿ ತಂದು ಕೈಗಿಟ್ಟರು.

ಚಾಪೆಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂತರು. ಆಚೆ ಬದಿಯಿಂದ ಹಜ್ರತ್ತರು ನೋಡಿದರು, ನೋಡಿ ತಲೆ ತಗ್ಗಿಸಿದರು. ಪಕ್ಕದಲ್ಲಿ ಕೂತ ಆಸಿಮ್ ಅವರ ಬಾಟಲಿಯನ್ನೂ, ಅದರಲ್ಲಿ ಇಳಿಯದೆ ಉಳಿದಿದ್ದ ನೀರನ್ನೂ ನೋಡಿದ. ಬೆಳಿಗ್ಗೆ ಮಾತ್ರೆ ನುಂಗಿದ್ದು ಅವನ ಕಣ್ಣೆದುರಿಗೇ.

"ರೋಜಾ ಇಲ್ಲ ಅಂದ್ಮೇಲೆ ಮಧ್ಯಾಹ್ನಾನೇ ಕುಡೀಬೋದಿತ್ತಲ್ಲ ಸಾಬ್ರೆ," ಅಂದ ಮೆಲ್ಲಗೆ.

ಸಾಹೇಬರು ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ಒಂದು ಹನಿ ಚಾಪೆಯ ಮೇಲೆ ಬಿತ್ತು. ಅದನ್ನು ಬೆರಳಿನಲ್ಲಿ ಒತ್ತಿ, ಬೆರಳನ್ನು ತುಟಿಗೆ ಒಯ್ಯಲು ಹೋಗಿ, ಇನ್ನೂ ಹೊತ್ತಾಗಿಲ್ಲವೆಂದು ನೆನಪಾಗಿ, ಜುಬ್ಬಕ್ಕೆ ಒರೆಸಿಕೊಂಡರು.

"ಪುಣ್ಯ ನಿಮ್ದೇ ಇರ್ಲಿ ಕಣೋ ಆಸಿಮ್. ನಂಗೆ ನಿಮ್ ಜೊತೆ ಕುಡಿಯೋಕಷ್ಟೆ ಬುಡಿ."

ಆಸಿಮ್ ತನ್ನ ಲೋಟವನ್ನು ಸಾಹೇಬರ ಲೋಟದ ಪಕ್ಕಕ್ಕೆ ಸರಿಸಿಕೊಂಡ. ಅಜಾನಿಗೆ ಇನ್ನೂ ನಾಲ್ಕು ನಿಮಿಷ ಇತ್ತು. ಇಬ್ಬರೂ ಕಾದರು.